ಅಪೀಲ್ ಹಾಕಿ, ಸರಿನಾ ತಪ್ಪಾ ಅಂತ ಮಾತ್ರ ಕೇಳ್ಬೇಡಿ

ಇಂಗ್ಲೆಂಡಲ್ಲಿ ಕೇರ್ ಹೋಮ್ ಕೆಲಸ ಮಾಡೋ ನಮ್ಮವರ ವಾಟ್ಸಾಪ್ ಗ್ರೂಪಲ್ಲಿ ಆ 2024ರ ಕೋರ್ಟ್ ಆಫ್ ಅಪೀಲ್ ತೀರ್ಪು ಮತ್ತೆ ಓಡಾಡ್ತಾ ಇದೆ. ಅದೇ, ಡಿಬಿಎಸ್‌ನವರು ತಾವೇ ಬಾರ್ ಮಾಡಿದ್ದ ಒಬ್ಬ ಕೇರ್ ವರ್ಕರ್ ಮೇಲೆ ಅಪೀಲ್ ಹೋಗಿ ಸೋತಿದ್ದು. ಡಿಬಿಎಸ್ ಅಂದ್ರೆ ಮಕ್ಕಳು, ಅಸಹಾಯಕರ ಜೊತೆ ಕೆಲಸ ಮಾಡೋರ ಹಿನ್ನೆಲೆ ನೋಡೋ ಸರ್ಕಾರಿ ಸಂಸ್ಥೆ; ಬೇಡ ಅನ್ನಿಸಿದೋರನ್ನ ಆ ಕೆಲಸ ಮಾಡದ ಹಾಗೆ ನಿಷೇಧದ ಪಟ್ಟಿಗೆ ಸೇರಿಸತ್ತೆ, ಅದೇ ಬಾರ್. ಏನ್ ಪರಾಕ್ರಮ ಅಂತೀರಾ! ಆ ಕೇರ್ ವರ್ಕರ್, ಬಾರ್ ವಿರುದ್ಧದ ಅಪೀಲ್ ಕೇಳೋ ಅಪ್ಪರ್ ಟ್ರಿಬ್ಯುನಲ್ ಮುಂದೆ ಕೂತು, ನನ್ನ ಮೇಲೆ ಹೊರಿಸಿದ ತಪ್ಪು ನಾನು ಮಾಡಿಲ್ಲ ಅಂದ್ರು, ಟ್ರಿಬ್ಯುನಲ್ ನಂಬ್ತು. ಡಿಬಿಎಸ್‌ಗೆ ಉರಿದುಹೋಯ್ತು. ಬರೀ ಬಾಯಿಮಾತು ನಂಬೋದಾ, ಬೇರೆ ಪುರಾವೆ ಎಲ್ಲಿ? ಅವರ ಕೈಲಿ ಕಾಗದ ಇದೆಯಲ್ಲ, ಮ್ಯಾನೇಜರ್ ಬರೆದು ಕಳಿಸಿದ್ದು, ಮನುಷ್ಯರ ಮುಖ ನೋಡಿ ಆಗ್ಬೇಕಾದ್ದೇನು.

ಕಾಗದದ ಮೇಲೆ ಇವರಿಗಿರೋ ಭಕ್ತಿ ಸಣ್ಣದಲ್ಲ ಬಿಡಿ. ಸಂಘದ ರಾಜ್ಯೋತ್ಸವಕ್ಕೆ ಮಕ್ಕಳಿಗೆ ಡ್ಯಾನ್ಸ್ ಕಲಿಸ್ತೀನಿ ಅಂತ ಮುಂದೆ ಬಂದೋರಿಗೆ ಗೊತ್ತು, ಡಿಬಿಎಸ್ ಚೆಕ್ ಫಾರಂಗೆ ಹಿಂದಿನ 5 ವರ್ಷದ ಅಡ್ರೆಸ್ ಬೇಕು. ಆ ಡಬ್ಬಿಗಳಲ್ಲಿ 'ವಾಟರ್ ಟ್ಯಾಂಕ್ ಎದುರು, ಗಣಪತಿ ದೇವಸ್ಥಾನದ ಹಿಂದೆ, 3ನೇ ಕ್ರಾಸ್, ಓನರ್ ಮನೆ ಮೇಲೆ' ಅಂತ ತುರುಕೋಕೆ ನಮ್ಮ ಪರಿಚಯದ ಆಂಟಿಯೊಬ್ಬರು ಒಂದಿಡೀ ಭಾನುವಾರ ಕೂತಿದ್ರು. ಕೊನೆಗೆ ಓನರ್ ಹೆಸರನ್ನೇ ಬೀದಿ ಹೆಸರು ಅಂತ ಹಾಕಿದ್ರು. ಆ ಓನರ್ ಈಗ ಬ್ರಿಟಿಷ್ ಸರ್ಕಾರದ ಕಡತದಲ್ಲಿ ರಸ್ತೆ.

ನಿಷೇಧದ ಪಟ್ಟಿನೇ ಬೇಡ ಅಂತ ಯಾರೂ ಹೇಳ್ತಿಲ್ಲ. 2002ರಲ್ಲಿ ಸೋಹಮ್‌ನಲ್ಲಿ 10 ವರ್ಷದ ಇಬ್ಬರು ಹುಡುಗೀರ್ನ ಕೊಂದ ಇಯಾನ್ ಹಂಟ್ಲಿ ಅನ್ನೋನು ಸ್ಕೂಲಿನ ಕೇರ್‌ಟೇಕರ್ ಆಗಿದ್ದ. ಅವನ ಮೇಲೆ ಮೊದಲೇ ಬೇರೆ ಕಡೆ ಪೊಲೀಸರಿಗೆ ದೂರು ಬಂದಿದ್ವು, ಕೆಲಸ ಕೊಟ್ಟೋರಿಗೆ ಮಾತ್ರ ಗೊತ್ತಾಗ್ಲಿಲ್ಲ. ಅದರಿಂದಲೇ ಈ ಪಟ್ಟಿಯ 2006ರ ಕಾನೂನು ಬಂತು. ಸರಿಯಾಗೇ ಬಂತು.

ಆದ್ರೆ ಅದರ ಅಪೀಲ್ ಸೆಕ್ಷನ್ ಓದಿದೀರಾ? ಡಿಬಿಎಸ್ ಕಾನೂನಿನ ವಿಷಯದಲ್ಲಿ ತಪ್ಪು ಮಾಡಿದ್ರೆ ಅಪೀಲ್ ಹಾಕ್ಬಹುದು, ನಡೆದ ಸಂಗತಿ ತಪ್ಪಾಗಿ ತಿಳ್ಕೊಂಡಿದ್ರೂ ಹಾಕ್ಬಹುದು, ಅದಕ್ಕೂ ಮೊದಲು ಪರ್ಮಿಷನ್ ಬೇಕು ಅನ್ನಿ. ಇಷ್ಟು ಕೊಟ್ಟು, ಕೆಳಗೆ ಒಂದು ಸಾಲು: ಇವರನ್ನ ಪಟ್ಟಿಗೆ ಸೇರಿಸೋದು ಸೂಕ್ತವೋ ಅಲ್ವೋ ಅನ್ನೋದು ಕಾನೂನಿನ ಪ್ರಶ್ನೆನೂ ಅಲ್ಲ, ಸಂಗತಿಯ ಪ್ರಶ್ನೆನೂ ಅಲ್ಲ. ಹಾಗಾದ್ರೆ ಯಾವುದ್ರ ಪ್ರಶ್ನೆ ಸ್ವಾಮಿ, ಜ್ಯೋತಿಷ್ಯದ್ದಾ? ಕೊಟ್ಟ ಹಾಗೂ ಆಗ್ಬೇಕು, ಕೊಡದ ಹಾಗೂ ಇರ್ಬೇಕು, ಬರೆದೋನ ಕೈಗೆ ಬಂಗಾರದ ಕಡಗ ಹಾಕ್ಬೇಕು.

ಟೈಮ್ ಲೆಕ್ಕ ಇನ್ನೂ ಚಂದ. ಮೊದಲು 'ನಿಮ್ಮನ್ನ ಬಾರ್ ಮಾಡೋ ಮನಸ್ಸಿದೆ' ಅಂತ ಪತ್ರ, ಉತ್ತರಕ್ಕೆ 8 ವಾರ. ಬಾರ್ ಆದ್ಮೇಲೆ ಅಪೀಲಿಗೆ 3 ತಿಂಗಳು. ವೀಸಾ ಮೇಲೆ ಬಂದೋರಿಗೆ ಕೆಲಸ ಹೋಗಿ ಹೋಮ್ ಆಫೀಸ್ ಪತ್ರ ಬಂತು ಅಂದ್ರೆ ಸಾಮಾನ್ಯವಾಗಿ ಸಿಗೋದು 60 ದಿನ, ಅಷ್ಟರಲ್ಲಿ ಬೇರೆ ಸ್ಪಾನ್ಸರ್, ಅಂದ್ರೆ ವೀಸಾಗೆ ಆಧಾರ ಆಗೋ ಕೆಲಸದಾತರನ್ನ ಹುಡುಕ್ಬೇಕು, ಇಲ್ಲ ಮೂಟೆ ಕಟ್ಬೇಕು. ಬಾರ್ ಆಗಿರೋ ಕೇರ್ ವರ್ಕರ್‌ಗೆ ಯಾವ ಕೇರ್ ಹೋಮ್ ಕೆಲಸ ಕೊಡತ್ತೆ, ಬಾರ್ ಆದ ಮೇಲೆ ಆ ಕೆಲಸ ಮಾಡಿದ್ರೆ ಅದೇ ಅಪರಾಧ, 5 ವರ್ಷದವರೆಗೂ ಜೈಲು. ಊರಿಗೆ ಹೋಗಿ ಕೂತು ನ್ಯಾಯಕ್ಕೆ ಕಾಯಿರಿ ಅನ್ನೋದು ಇದರರ್ಥ.

ನಗು ಬರ್ತಿಲ್ಲ ಈಗ. ರಾತ್ರಿಯೆಲ್ಲ ಇನ್ನೊಬ್ಬರ ಅಪ್ಪ ಅಮ್ಮನ ಮಗ್ಗುಲು ತಿರುಗಿಸಿ, ಪ್ಯಾಡ್ ಬದಲಾಯಿಸಿ, ಚಾರ್ಟಲ್ಲಿ ಟೈಮ್ ಬರೆದಿಟ್ಟು ಬಂದೋರನ್ನ ಒಂದ್ಸಲ ಎದುರು ಕೂರಿಸ್ಕೊಂಡು ಏನಾಯ್ತಮ್ಮ ಅಂತ ಕೇಳೋಕೆ ಆಗಲ್ಲ, ಯಾರೋ ಕೇಳಿ ನಂಬಿದ್ರೆ ಅವರು ನಂಬಿದ್ದೇ ತಪ್ಪು ಅಂತ ಮೇಲಿನ ಕೋರ್ಟಿಗೆ ಲಾಯರ್ ಇಟ್ಕೊಂಡು ಹೋಗೋಕೆ ಆಗತ್ತೆ. ನಾಚಿಕೆ ಆಗ್ಬೇಕು.

ಅಪೀಲಲ್ಲಿ ಸೋತ್ರೂ ದಾರಿ ಮುಚ್ಚಿಲ್ಲ ಅಂತಾರೆ. ಬಾರ್ ಆದಾಗ 25 ವರ್ಷ ತುಂಬಿದ್ದೋರು ಸಾಮಾನ್ಯವಾಗಿ 10 ವರ್ಷ ಆದ್ಮೇಲೆ ರಿವ್ಯೂ ಕೇಳ್ಬಹುದು. ಕೇಳೋಕೆ ಮೊದಲು ಪರ್ಮಿಷನ್ ಬೇಕು. ಪರ್ಮಿಷನ್ ಕೊಡೋರು ಡಿಬಿಎಸ್‌ನವರೇ.