97ರ ಮರುಮೌಲ್ಯಮಾಪನ

ನಮ್ಮ ಮನೆಯಲ್ಲಿ ನೂರಕ್ಕೆ 97 ತಂದರೂ ಮೊದಲು ಕೇಳುತ್ತಿದ್ದದ್ದು, ‘ಆ ಮೂರು ಎಲ್ಲಿ ಹೋಯ್ತು?’ ಎಂದೇ. (ತರುತ್ತಿದ್ದವನು ಅಣ್ಣ. ನನಗೆ ಆ ಪ್ರಶ್ನೆ ಎದುರಾಗುವ ಸಂದರ್ಭವೇ ಬರಲಿಲ್ಲ.) ಹಾಗಾಗಿ 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ವಿಡಿಯೋ ಗೇಮಿಗೆ, ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ವೆಬ್‌ಸೈಟಿನಲ್ಲಿ ನೂರಕ್ಕೆ 97 ಬಿದ್ದಿದೆ ಎಂದು ಕೇಳಿದಾಗ ನನ್ನ ಕಣ್ಣು ಹೋಗಿದ್ದು ಆ ಮೂರರ ಮೇಲೆ.

ಕಂಪ್ಯೂಟರಿನಲ್ಲಿ ಅದು 150 ಜಿಬಿ ಜಾಗ ಕೇಳಿತು. ಅಕ್ಕನ ಮದುವೆ ವಿಡಿಯೋ ಪೆನ್‌ಡ್ರೈವಿಗೆ ಗಡೀಪಾರಾಯಿತು.

ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ದರೋಡೆಕೋರರ ಕಾಲ ಮುಗಿಯುತ್ತಾ ಬಂದಿದೆ. ಡಚ್ ಎಂಬ ಮಾತುಗಾರನ ಗ್ಯಾಂಗಿನಲ್ಲಿ ನಾವು ಆರ್ಥರ್ ಮಾರ್ಗನ್. ಶುರುವಿನಲ್ಲಿ ಮಂಡಿಯುದ್ದ ಹಿಮ, ಕಾಲೆಳೆದುಕೊಂಡು ನಡೆಯುವುದೇ ಆಟ. ಜಿಂಕೆ ಹೊಡೆದರೆ ಆರ್ಥರ್ ಮಂಡಿಯೂರಿ ಕೂತು, ಚಾಕು ತೆಗೆದು, ಚರ್ಮ ಸುಲಿದು, ಎತ್ತಿ ಕುದುರೆ ಬೆನ್ನಿಗೆ ಹಾಕುತ್ತಾನೆ. ಪ್ರತಿ ಸಲವೂ. ಡ್ರಾಯರ್‌ಗಳನ್ನೂ ಒಂದೊಂದಾಗಿಯೇ ಎಳೆದು ನೋಡುತ್ತಾನೆ. ಗಡ್ಡ ಬೆಳೆಯುತ್ತದೆ, ಎಣ್ಣೆ ಹಾಕಿ ಒರೆಸದಿದ್ದರೆ ಬಂದೂಕು ಕೆಡುತ್ತದೆ. ಚಳಿಗೆ ಗಂಡು ಕುದುರೆಯ ಮೈಯಲ್ಲಿ ಏನು ಕುಗ್ಗಬೇಕೋ ಅದೂ ಕುಗ್ಗುತ್ತದೆ. ಅದು ಆಗ ದೊಡ್ಡ ಸುದ್ದಿಯೇ ಆಗಿತ್ತು.

ನಾನು ಕುದುರೆಯ ಮೈ ಉಜ್ಜುತ್ತಿದ್ದಾಗ ಅಮ್ಮ ಹಿಂದೆ ಬಂದು ನಿಂತಳು. “ಇದಕ್ಕೆ ಮೈ ಉಜ್ತೀಯ. ಹೊರಗೆ ಬೈಕ್ ಮೇಲೆ ಕೂತಿರೋ ಧೂಳು ಯಾರು ಒರೆಸ್ಬೇಕು?”

ಈ ಕೆಲಸಕ್ಕೆ ಬಾರದ ಕೆಲಸಗಳಿಗೆ ನನ್ನ ಲೆಕ್ಕದಲ್ಲಿ ನೂರಕ್ಕೆ ನೂರು. ರಾತ್ರಿ ಕಾಡಿನಲ್ಲಿ ಬೆಂಕಿ ಹಾಕಿ, ಕಾಫಿ ಕಾಯಿಸಿಕೊಂಡು ಸುಮ್ಮನೆ ಕೂರಬಹುದು. ಗುಂಡು ಹಾರಿಸದೆ ಒಂದು ಸಂಜೆ ಕಳೆದದ್ದಿದೆ.

ಅಂಕ ಕಡಿಯಬೇಕಾದದ್ದು ಮಿಷನ್‌ಗಳಲ್ಲಿ, ಅಂದರೆ ಕಥೆ ಮುಂದೆ ಸಾಗಲು ಆಟ ಒಪ್ಪಿಸುವ ಕೆಲಸಗಳಲ್ಲಿ. ಅಷ್ಟು ದೊಡ್ಡ ಬಯಲು ಕೊಟ್ಟು, ಎಲ್ಲಿ ಬೇಕಾದರೂ ಹೋಗು ಎಂದವರು, ಮಿಷನ್ ಶುರುವಾದ ಕೂಡಲೇ ಕಿವಿ ಹಿಂಡುತ್ತಾರೆ. ಶತ್ರುಗಳ ಹಿಂಬದಿಯಿಂದ ಹೋಗೋಣವೆಂದು ನಾಲ್ಕು ಹೆಜ್ಜೆ ಸರಿದರೆ ಫೇಲ್! ಗೈಡಿನಲ್ಲಿದ್ದ ಹಾಗೆಯೇ ಲೆಕ್ಕ ಬಿಡಿಸದಿದ್ದರೆ, ಉತ್ತರ ಸರಿಯಿದ್ದರೂ ಸೊನ್ನೆ ಸುತ್ತುವ ಮೇಷ್ಟ್ರ ಹಾಗೆ. ಐದು ಅಂಕ ಕಡಿದೆ.

ಆದರೆ ಒಂದು ಕಡೆ ಪೆನ್ನು ನಿಂತಿತು. (ಆಡಬೇಕೆಂದಿರುವವರು ಈ ಪ್ಯಾರಾ ಬಿಟ್ಟುಬಿಡಿ.) ಸಾಲ ವಸೂಲಿಗೆ ಹೋಗಿ ಬಡಕಲು ರೈತನೊಬ್ಬನನ್ನು ಹೊಡೆಯಬೇಕು. ಅವನು ಕೆಮ್ಮುತ್ತಾನೆ, ರಕ್ತ ಆರ್ಥರನ ಮುಖಕ್ಕೆ ಸಿಡಿಯುತ್ತದೆ. ಬಟನ್ ಒತ್ತಿದವನು ನಾನೇ, ಒತ್ತಿ ಮರೆತೂಬಿಟ್ಟೆ. ಎಷ್ಟೋ ದಿನಗಳ ಆಟವಾದ ಮೇಲೆ ಊರಿನ ಡಾಕ್ಟರು ಆರ್ಥರನಿಗೆ ಕ್ಷಯ ಎನ್ನುತ್ತಾನೆ. 1899ರಲ್ಲಿ ಕ್ಷಯಕ್ಕೆ ಮದ್ದೆಲ್ಲಿ? ಆಮೇಲೆ ಮಿಷನ್‌ಗಳ ಆ ಕಟ್ಟುನಿಟ್ಟಿಗೆ ನಾನು ಗೊಣಗಲಿಲ್ಲ. ಕಡಿದ ಐದರಲ್ಲಿ ಎರಡು ವಾಪಸ್ ಹಾಕಿದೆ.

ಇನ್ನು ಗೌರಿಯ ವಿಷಯ. ನಾನು ಸಾಕಿದ ಕುದುರೆ. ಅವಸರದಲ್ಲಿ ಮರಕ್ಕೆ ಗುದ್ದಿಸಿ ನಾನೇ ಕೊಂದೆ. ಸತ್ತ ಕುದುರೆ ಈ ಆಟದಲ್ಲಿ ತಿರುಗಿ ಬರುವುದಿಲ್ಲ. ಜೀನು ಬಿಚ್ಚಿ ಹೆಗಲ ಮೇಲೆ ಹೊತ್ತು, ಸುರಿಯುವ ಮಳೆಯಲ್ಲಿ ಊರಿನ ಕಡೆ ನಡೆಸಿಕೊಂಡು ಹೊರಟೆ. ಅಮ್ಮ ಊಟಕ್ಕೆ ಕರೆಯಲು ಬಂದವಳು ಸ್ಕ್ರೀನ್ ನೋಡಿ ನಿಂತಳು.

“ಕುದುರೆ ಎಲ್ಲೋ?”

ನಾನು ಮಾತಾಡಲಿಲ್ಲ. ಅವಳು ತಟ್ಟೆ ಅಲ್ಲಿಗೇ ತಂದುಕೊಟ್ಟಳು.