ಹಾವಲ್ಲ, ಹುಳ

ನಮ್ಮ ಹಳ್ಳಿ ಕಡೆ ರಾತ್ರಿ ಹೊತ್ತು ಹಾವು ಅನ್ನಬಾರದು, ಹುಳ ಅನ್ನಬೇಕು. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತದಂತೆ. ಅಜ್ಜಿಯಂದಿರ ಈ ಶಾಸ್ತ್ರವನ್ನು ಒಂದು ದೇಶ ತನ್ನ ಸಂವಿಧಾನದಲ್ಲೇ ಪಾಲಿಸಿತ್ತು ಅಂದರೆ ನಂಬುತ್ತೀರಾ?

1787ರಲ್ಲಿ ಅಮೆರಿಕದ ಹಿರಿಯರು ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆದರು. ಗುಲಾಮರನ್ನು ಹೇಗೆ ಎಣಿಸಬೇಕು, ಓಡಿಹೋದವರನ್ನು ಹೇಗೆ ಒಪ್ಪಿಸಬೇಕು, ಎಲ್ಲ ಅದರಲ್ಲಿದೆ. ‘ಗುಲಾಮ’ ಅನ್ನೋ ಪದ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಇರೋರೆಲ್ಲ ‘ಇತರ ವ್ಯಕ್ತಿಗಳು’. ಈ ಇತರರಿಗೆ ಓಟಿಲ್ಲ, ಕೂಲಿಯಿಲ್ಲ, ಹೆತ್ತ ಮಕ್ಕಳೂ ಅವರದಲ್ಲ. ಆದರೆ ದಕ್ಷಿಣದ ರಾಜ್ಯಗಳಿಗೆ ಸಂಸತ್ತಿನಲ್ಲಿ ಎಷ್ಟು ಸೀಟು ಅಂತ ಲೆಕ್ಕ ಹಾಕುವಾಗ ಐದು ಜನ ಇತರರನ್ನು ಮೂರು ಜನ ಅಂತ ಹಿಡಿಯುತ್ತಿದ್ದರು. ಸಂತೆಯಲ್ಲಿ ಸರಕು, ಜನಗಣತಿಯಲ್ಲಿ ಐದರಲ್ಲಿ ಮೂರು ಪಾಲು ಮನುಷ್ಯ!

ದಕ್ಷಿಣದ ದೊಡ್ಡ ಮನುಷ್ಯರು ಗುಲಾಮಗಿರಿಯನ್ನು ‘ನಮ್ಮ ವಿಶಿಷ್ಟ ಪದ್ಧತಿ’ ಅಂತ ಕರೆಯುತ್ತಿದ್ದರು. ಕೇಳಿದವರು ಉಪ್ಪಿನಕಾಯಿ ಹಾಕುವ ಪದ್ಧತಿ ಇರಬೇಕು ಅಂದುಕೊಳ್ಳಬೇಕು.

1830ರ ದಶಕದಲ್ಲಿ ಉತ್ತರದ ಜನ, ಅದರಲ್ಲೂ ಹೆಂಗಸರು, ಇದು ಬೇಡ ಅಂತ ಸಂಸತ್ತಿಗೆ ಕಂತೆ ಕಂತೆ ಅರ್ಜಿ ಕಳಿಸತೊಡಗಿದರು. ಕೆಳಮನೆಗೆ ಒಳ್ಳೇ ಉಪಾಯ ಹೊಳೆಯಿತು. ಗುಲಾಮಗಿರಿ ಬಗ್ಗೆ ಯಾವ ಅರ್ಜಿ ಬಂದರೂ ಅಚ್ಚು ಹಾಕುವಂತಿಲ್ಲ, ಚರ್ಚಿಸುವಂತಿಲ್ಲ, ಸುಮ್ನೆ ಮೇಜಿನ ಮೇಲೆ ಇಟ್ಟುಬಿಡುವುದು. 1836ರಿಂದ 1844ರವರೆಗೆ ಇದೇ ನಿಯಮ. ಎಂಟು ವರ್ಷ ಆ ಮೇಜು ಪ್ರಜಾಪ್ರಭುತ್ವವನ್ನು ಹೊತ್ತಿತು, ಪಾಪ.

ಜಾನ್ ಕ್ವಿನ್ಸಿ ಆಡಮ್ಸ್ ಅಂತ ಒಬ್ಬ ಮಾಜಿ ಅಧ್ಯಕ್ಷರು ಆಗ ಅಲ್ಲಿ ಸದಸ್ಯರಾಗಿದ್ದರು. ಎಪ್ಪತ್ತರ ಹತ್ತಿರದ ಮುದುಕರು, ಮಹಾ ಕಿಲಾಡಿ. 1837ರ ಫೆಬ್ರವರಿಯಲ್ಲಿ ಒಂದಿನ ಎದ್ದು ನಿಂತು, ತಾವು ಗುಲಾಮರೆಂದು ಹೇಳಿಕೊಂಡ 22 ಜನರ ಅರ್ಜಿ ತಮ್ಮ ಹತ್ತಿರ ಇದೆ, ಇದಕ್ಕೂ ಆ ನಿಯಮ ಅನ್ವಯಿಸುತ್ತದೋ ಅಂತ ಸ್ಪೀಕರ್ ಅವರನ್ನು ವಿಚಾರಿಸಿದರು. ಅಷ್ಟೇ. ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಗುಲಾಮರು ಅರ್ಜಿ ಬರೆಯುವುದಾ? ಆಡಮ್ಸ್‌ಗೆ ಛೀಮಾರಿ ಹಾಕಿ ಅಂತ ನಿರ್ಣಯಗಳು ಬಂದವು. ಎಲ್ಲರೂ ಕೂಗಿ ಸುಸ್ತಾದ ಮೇಲೆ ಮುದುಕರು ಮೆಲ್ಲಗೆ ಗುಟ್ಟು ಬಿಟ್ಟರು. ಅರ್ಜಿಯಲ್ಲಿ ಏನಿದೆ ಅಂತ ಯಾರೂ ಕೇಳಿಯೇ ಇರಲಿಲ್ಲ. ಗುಲಾಮಗಿರಿಯನ್ನು ರದ್ದು ಮಾಡಬೇಡಿ ಅಂತ ಅದರಲ್ಲಿತ್ತು! ಈಗ ಸಿಟ್ಟು ಇಮ್ಮಡಿಯಾಯಿತು. ಸಭೆಯ ಜೊತೆ ಹುಡುಗಾಟ ಆಡಿದರು ಅಂತ ಹೊಸ ಆರೋಪ. ದಿನಗಟ್ಟಲೆ ಜಗಳ ನಡೆಯಿತು. ಯಾವ ವಿಷಯ ಮಾತಾಡಬಾರದು ಅಂತ ನಿಯಮ ಮಾಡಿದ್ದರೋ, ಅದೇ ವಿಷಯದ ಮೇಲೆ.

1850ರಲ್ಲಿ ಇನ್ನೊಂದು ಕಾನೂನು ಬಂತು. ಉತ್ತರಕ್ಕೆ ಓಡಿಬಂದವರನ್ನು ಹಿಡಿದು ಕಮಿಷನರ್ ಮುಂದೆ ನಿಲ್ಲಿಸಬೇಕು. ಹಿಡಿಸಿಕೊಂಡವನು ತನ್ನ ಪರವಾಗಿ ಸಾಕ್ಷಿ ಹೇಳುವಂತಿಲ್ಲ. ಇವನು ಗುಲಾಮನೇ ಅಂತ ವಾಪಸ್ ಕಳಿಸಿದರೆ ಕಮಿಷನರ್‌ಗೆ 10 ಡಾಲರ್ ಫೀಸು, ಬಿಟ್ಟುಬಿಟ್ಟರೆ 5. ಯಾಕೆ ಹೀಗೆ ಅಂದರೆ, ವಾಪಸ್ ಕಳಿಸೋದಕ್ಕೆ ಕಾಗದಪತ್ರದ ಕೆಲಸ ಜಾಸ್ತಿಯಂತೆ. ಸರ್ಕಾರಿ ಕಚೇರಿಗೆ ಅಲೆದ ನಮಗೆ ಈ ಮಾತು ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಉತ್ತರದ ಕೆಲವು ರಾಜ್ಯಗಳು ಇದಕ್ಕೆ ಅಡ್ಡ ನಿಂತವು. ರಾಜ್ಯಗಳ ಹಕ್ಕು ಅಂತ ದಿನಾ ಜಪ ಮಾಡುತ್ತಿದ್ದ ದಕ್ಷಿಣದವರು ಆಗ ಕೇಂದ್ರದ ಕಾನೂನು ಮೀರಬಾರದು ಅಂತ ಬುದ್ಧಿ ಹೇಳಿದರು.

ಆಗಿನ್ನೂ ರಾಜ್ಯವಾಗಿರದ ಕನ್ಸಾಸ್ ಪ್ರಾಂತ್ಯದಲ್ಲಿ ಗುಲಾಮರು ಇರಬೇಕೋ ಬೇಡವೋ? ಅಲ್ಲಿನ ಜನರೇ ತೀರ್ಮಾನಿಸಲಿ ಅಂತ 1854ರಲ್ಲಿ ಸೆನೆಟರ್ ಸ್ಟೀಫನ್ ಡಗ್ಲಸ್ ಕೈ ತೊಳೆದುಕೊಂಡರು. ಮರುವರ್ಷ ಚುನಾವಣೆ. ಮತದಾರರು ಸುಮಾರು 2,900, ಬಿದ್ದ ಓಟು 6,000ಕ್ಕೂ ಜಾಸ್ತಿ. ಗುಲಾಮಗಿರಿ ಇದ್ದ ಪಕ್ಕದ ಮಿಸೌರಿ ರಾಜ್ಯದಿಂದ ಬಂದೂಕು ಹಿಡಿದು ಬಂದವರು ಓಟು ಹಾಕಿ ಊಟದ ಹೊತ್ತಿಗೆ ಮನೆ ಸೇರಿರಬೇಕು. ಹೀಗೆ ಗೆದ್ದ ಶಾಸನಸಭೆ ಮಾಡಿದ ಕಾನೂನು ನೋಡಿ: ಇಲ್ಲಿ ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ ಅಂತ ಬಾಯಲ್ಲಿ ಅಂದರೂ, ಕೈಯಲ್ಲಿ ಬರೆದರೂ, ಕಮ್ಮಿ ಅಂದರೆ ಎರಡು ವರ್ಷ ಕಠಿಣ ಸಜೆ.

ಇಷ್ಟಾದರೂ 1856ರ ಮೇ ತಿಂಗಳಲ್ಲಿ ಸೆನೆಟರ್ ಚಾರ್ಲ್ಸ್ ಸಮ್ನರ್ ಬಾಯಿ ಬಿಟ್ಟು, ಗುಲಾಮಗಿರಿಯನ್ನು ಹೆಸರು ಹಿಡಿದೇ ಬೈದರು. ಎರಡು ದಿನದ ಮೇಲೆ ಪ್ರೆಸ್ಟನ್ ಬ್ರೂಕ್ಸ್ ಅನ್ನೋ ದಕ್ಷಿಣದ ಸಂಸದ ಸೆನೆಟ್ ಒಳಗೇ ಬಂದು, ಕೂತಿದ್ದ ಸಮ್ನರ್ ಅವರನ್ನು ಊರುಗೋಲು ಮುರಿಯುವ ತನಕ ಹೊಡೆದ. 300 ಡಾಲರ್ ದಂಡ ಬಿತ್ತು. ಊರಿನವರು ಅವನನ್ನೇ ಮತ್ತೆ ಆರಿಸಿದರು. ಮುರಿದದ್ದಕ್ಕೆ ಬದಲಾಗಿ ಹೊಸ ಕೋಲುಗಳನ್ನೂ ಕಳಿಸಿದರು.

1860ರ ಅಧ್ಯಕ್ಷ ಚುನಾವಣೆಯಲ್ಲಿ, ಗುಲಾಮಗಿರಿ ಇನ್ನು ಹರಡಬಾರದು ಅನ್ನುತ್ತಿದ್ದ ಲಿಂಕನ್ ಗೆದ್ದರು. ಅವರು ಅಧಿಕಾರ ಹಿಡಿಯುವ ಮೊದಲೇ ದಕ್ಷಿಣದ ಏಳು ರಾಜ್ಯಗಳು ದೇಶ ಬಿಟ್ಟು ಬೇರೆಯಾಗಿ ಗಂಟುಮೂಟೆ ಕಟ್ಟಿದ್ದವು. ಅವನ್ನು ಸಮಾಧಾನ ಮಾಡಲು 1861ರ ಮಾರ್ಚ್‌ನಲ್ಲಿ ಸಂಸತ್ತು ಒಂದು ತಿದ್ದುಪಡಿ ಪಾಸು ಮಾಡಿತು: ಗುಲಾಮಗಿರಿಗೆ ಸಂಸತ್ತು ಎಂದೆಂದಿಗೂ ಕೈ ಹಾಕಬಾರದು. ಅದರಲ್ಲೂ ಆ ಪದ ಇಲ್ಲ! ‘ದುಡಿಮೆಗೆ ಕಟ್ಟುಬಿದ್ದ ವ್ಯಕ್ತಿಗಳು’ ಅಂತಿದೆ. ರಾಜ್ಯಗಳು ಒಪ್ಪಿದ್ದರೆ ಅದೇ 13ನೇ ತಿದ್ದುಪಡಿ ಆಗುತ್ತಿತ್ತು.

ನಾಚಿಕೆ ಬಿಟ್ಟವರು ಬೇರೆಯಾದವರೇ. ಅದೇ ತಿಂಗಳು ತಮ್ಮ ಹೊಸ ಸಂವಿಧಾನ ಬರೆದುಕೊಂಡರು. ಬಹುಪಾಲು ಹಳೆಯದರದ್ದೇ ನಕಲು. ಆದರೆ ಐದಕ್ಕೆ ಮೂರರ ಲೆಕ್ಕ ಬಂದಾಗ ‘ಇತರ ವ್ಯಕ್ತಿಗಳು’ ಇದ್ದ ಜಾಗದಲ್ಲಿ ‘ಗುಲಾಮರು’ ಅಂತ ಬರೆದರು. ಅವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಸವಾನ್ನಾದಲ್ಲಿ ನಿಂತು, ಗುಲಾಮಗಿರಿಯೇ ಕರಿಯರ ಸಹಜ ಸ್ಥಿತಿ, ನಮ್ಮ ಸರ್ಕಾರದ ಮೂಲೆಗಲ್ಲು ಈ ಸತ್ಯವೇ ಅಂತ ಭಾಷಣ ಮಾಡಿದರು.

ನಾಲ್ಕು ವರ್ಷ ಯುದ್ಧ. ಸತ್ತ ಸೈನಿಕರು ಆರು ಲಕ್ಷಕ್ಕೂ ಜಾಸ್ತಿ. ಬಿಡುಗಡೆಯಾದವರು ಸುಮಾರು 40 ಲಕ್ಷ. 1865ರ ಡಿಸೆಂಬರ್‌ನಲ್ಲಿ ನಿಜವಾದ 13ನೇ ತಿದ್ದುಪಡಿ ಬಂತು. ‘ಗುಲಾಮಗಿರಿ’ ಅನ್ನೋ ಪದ ಅಮೆರಿಕದ ಸಂವಿಧಾನದೊಳಗೆ ಮೊದಲ ಸಲ ಕಾಲಿಟ್ಟದ್ದು ಅದು ರದ್ದಾದ ಸಾಲಿನಲ್ಲೇ.

ಸ್ಟೀಫನ್ಸ್ ಕೆಲವು ತಿಂಗಳು ಜೈಲಿನಲ್ಲಿದ್ದು ಹೊರಬಂದರು. ಆಮೇಲೆ ಯುದ್ಧದ ಕಾರಣ ವಿವರಿಸಿ ಎರಡು ದಪ್ಪ ಸಂಪುಟ ಬರೆದರು. ಜಗಳ ಗುಲಾಮರದ್ದು ಅಲ್ಲವೇ ಅಲ್ಲವಂತೆ, ಕೇಂದ್ರ ದೊಡ್ಡದೋ ರಾಜ್ಯ ದೊಡ್ಡದೋ ಅನ್ನೋ ತತ್ವದ್ದಂತೆ. ಮೂಲೆಗಲ್ಲು ಅಂದದ್ದು? ಹುಳ ಇರಬೇಕು ಬಿಡಿ.