ಸಾವನದುರ್ಗಕ್ಕೆ ಬೇಸಿಗೆಯಲ್ಲೇ ಹೋಗಿ, ಆದರೆ ಬಿಸಿಲೇರುವ ಮುಂಚೆ ಇಳಿದುಬಿಡಿ

ಜೂನ್ ಬಂತೆಂದರೆ ಸಾಕು, ನನ್ನ ಗೆಳೆಯರೆಲ್ಲ ಅಟ್ಟದ ಮೇಲಿಂದ ಶೂ ಇಳಿಸುತ್ತಾರೆ. ಮೋಡ ಬೇಕು, ಮಂಜು ಬೇಕು, ಹಸಿರು ಬೇಕು. ಮಲೆನಾಡಿನ ಮಾತು ಬೇರೆ ಬಿಡಿ. ಆದರೆ ನಮ್ಮ ಮಾಗಡಿ, ರಾಮನಗರ ಕಡೆಯ ಬಂಡೆ ಬೆಟ್ಟಗಳಿಗೆ ಮಳೆಗಾಲದಲ್ಲಿ ಹೋಗಬೇಡಿ, ಬೇಸಿಗೆಯಲ್ಲಿ ಹೋಗಿ. ಹೀಗಂದರೆ ಎಲ್ಲರೂ "ಈ ಬಿಸಿಲಲ್ಲಾ?" ಅನ್ನುತ್ತಾರೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಅಕ್ಕನ ಮಗನನ್ನು ಸಾವನದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಹದಿನಾಲ್ಕು ವರ್ಷ ಅವನಿಗೆ, ಇದೇ ಮೊದಲ ಬೆಟ್ಟ. ನಾಲ್ಕೂವರೆಗೆ ಮನೆ ಬಿಟ್ಟೆವು. ವೀರಭದ್ರಸ್ವಾಮಿ ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸಿ, ಕೈಮುಗಿದು, ಹತ್ತಲು ಶುರು ಮಾಡಿದಾಗ ಆರು ದಾಟಿತ್ತು. ಬೆಳಕು ಪೂರ್ತಿ ಹರಿದ ಮೇಲೇ ಕಾಲಿಟ್ಟೆವು. ಇದು ಕರಡಿ, ಚಿರತೆ ಇರುವ ಕಾಡು. ಸೂರ್ಯೋದಯದ ಫೋಟೋಗೋಸ್ಕರ ಕತ್ತಲಲ್ಲಿ ನುಗ್ಗುವುದು ತಪ್ಪು, ನಮಗೂ ಅಪಾಯ, ಅವುಗಳಿಗೂ ತೊಂದರೆ.

ಬೇಸಿಗೆ ಕಾಡು ಅಂದರೆ ಬರೀ ಒಣಗಿದ ಹುಲ್ಲು ಅಂದುಕೊಂಡವರು ಏಪ್ರಿಲ್ ಕೊನೆಯಲ್ಲಿ ಒಮ್ಮೆ ಬಂದು ನೋಡಬೇಕು. ಬೋಳು ಮರಗಳ ನಡುವೆ ಕಕ್ಕೆ ಮರ ಹಳದಿ ಗೊಂಚಲು ಇಳಿಬಿಟ್ಟು ನಿಂತಿರುತ್ತದೆ. ಹೊಂಗೆಯ ಹೊಸ ಎಲೆ ಎಣ್ಣೆ ಸವರಿದ ಹಾಗೆ ಮಿನುಗುತ್ತದೆ. ಎಲೆ ಉದುರಿರುವುದರಿಂದ ಹಕ್ಕಿಗಳು ಕಣ್ಣಿಗೆ ಬೀಳುತ್ತವೆ. ಬಂಡೆ ಪಕ್ಕದ ಪೊದೆಯಲ್ಲಿ ಹಳದಿ ಕೊರಳಿನ ಪಿಕಳಾರ ಕಂಡಿತು. ದಕ್ಷಿಣ ಭಾರತದ ಇಂಥ ಕಲ್ಲು ಗುಡ್ಡಗಳಲ್ಲೇ ಇರುವ ಹಕ್ಕಿ ಅದು, ಬೇರೆ ಎಲ್ಲೂ ಸಿಗುವುದಿಲ್ಲ. ಹುಡುಗ ಐದು ನಿಮಿಷ ಉಸಿರೇ ಬಿಡದೆ ನಿಂತಿದ್ದ. ಮಳೆಗಾಲದ ದಟ್ಟ ಹಸಿರಿನಲ್ಲಿ ನನಗೆ ಅದು ಒಂದು ಸಲವೂ ಕಂಡಿಲ್ಲ.

ಆಮೇಲೆ ಶುರುವಾಗುತ್ತದೆ ಬಂಡೆ. ಮೆಟ್ಟಿಲು ಇಲ್ಲ, ಬರೀ ಇಳಿಜಾರು ಕಲ್ಲು, ಅದರ ಮೇಲೆ ದಾರಿ ತೋರಿಸಲು ಬಣ್ಣದ ಬಾಣದ ಗುರುತು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಇದು. ಭೂಗರ್ಭ ಶಾಸ್ತ್ರದವರು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟೆ ಅನ್ನುವುದು ನಮ್ಮ ರಾಮನಗರದ ಹಳೆಯ ಹೆಸರು. ಈ ಕಲ್ಲು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಕೆಲವು ಕಡೆ ಕಾಲಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ.

ಒಣಗಿದಾಗ ಈ ಬಂಡೆಯಷ್ಟು ನಂಬಿಕೆಯ ನೆಲ ಇನ್ನೊಂದಿಲ್ಲ. ಉಪ್ಪುಕಾಗದದ ಹಾಗೆ ಶೂ ಹಿಡಿದುಕೊಳ್ಳುತ್ತದೆ. ನೆನೆದರೆ ಕಥೆಯೇ ಬೇರೆ. ಕಲ್ಲಿನ ಮೇಲೆ ಕಪ್ಪು ಪಟ್ಟೆಗಳು ಕಾಣುತ್ತವಲ್ವಾ, ನೀರು ಹರಿದ ಜಾಗದ ಪಾಚಿ ಅದು. ಬೇಸಿಗೆಯಲ್ಲಿ ಒಣಗಿ ಬಂಡೆಗೆ ಅಂಟಿಕೊಂಡಿರುತ್ತದೆ, ಒಂದು ಮಳೆ ಬಿದ್ದರೆ ಸೋಪು ಹಚ್ಚಿದ ಹಾಗಾಗುತ್ತದೆ. ಕೆಲವು ವರ್ಷದ ಹಿಂದೆ ಆಗಸ್ಟ್‌ನಲ್ಲಿ ಇಳಿಯುವಾಗ ನನ್ನ ಜೊತೆಗಿದ್ದ ಗೆಳೆಯ ಇಂಥ ಒಂದು ಪಟ್ಟೆಯ ಮೇಲೆ ಕಾಲಿಟ್ಟ. ಹದಿನೈದು ಅಡಿ ಜಾರಿದ. ಹುಲ್ಲಿನ ಒಂದು ಬುಡ ಸಿಕ್ಕಿತು, ಅದನ್ನು ಹಿಡಿದು ನಿಂತ. ಅದರ ಕೆಳಗೆ ಹಿಡಿಯುವುದಕ್ಕೆ ಏನೂ ಇರಲಿಲ್ಲ. ಅವನ ಅಂಗೈ ಸಿಪ್ಪೆ ಎದ್ದಿತ್ತು, ನನಗೆ ಬಾಯಲ್ಲಿ ಮಾತೇ ಹೊರಡಲಿಲ್ಲ. ಅವತ್ತಿಂದ ಮಳೆಗಾಲದಲ್ಲಿ ನಾನು ಈ ಬೆಟ್ಟಕ್ಕೆ ಕಾಲಿಟ್ಟಿಲ್ಲ.

ಅರ್ಧ ದಾರಿಯಲ್ಲಿ ಕೋಟೆ ಗೋಡೆ ಸಿಗುತ್ತದೆ. ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ಕೋಟೆ, ಆಮೇಲೆ ಮೈಸೂರಿನವರ ಕೈಗೆ ಬಂತು. 1791ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಇದನ್ನು ಟಿಪ್ಪುವಿನ ಸೈನಿಕರಿಂದ ಕಿತ್ತುಕೊಂಡಿತು. "ಮಾಮ, ಫಿರಂಗಿ ಹೇಗೆ ತಂದರು ಇಲ್ಲಿಗೆ?" ಅಂತ ಹುಡುಗ ಕೇಳಿದ. ಆಗ ಸುತ್ತ ಬಿದಿರು ಮೆಳೆ ತುಂಬಿದ್ದ ದಟ್ಟ ಕಾಡು, ಅದನ್ನು ಕಡಿದು ದಾರಿ ಮಾಡಿಕೊಂಡೇ ತರಬೇಕಿತ್ತು. ಆ ಗೋಡೆಯ ನೆರಳಲ್ಲಿ ಕೂತು ಸೌತೆಕಾಯಿ ತಿಂದು ಮಜ್ಜಿಗೆ ಕುಡಿದೆವು.

ತುದಿ ಮುಟ್ಟಿದಾಗ ಎಂಟಕ್ಕೆ ಹತ್ತು ನಿಮಿಷ. ಸಮುದ್ರ ಮಟ್ಟದಿಂದ 1,226 ಮೀಟರ್. ಪುಟ್ಟ ನಂದಿ ಮಂಟಪ, ಒಳ್ಳೆ ಗಾಳಿ, ಕೆಳಗೆ ಮಂಚನಬೆಲೆ ಜಲಾಶಯದ ನೀರು ಮಿಂಚುತ್ತಿತ್ತು. ಮೇಲೆ ಬರುವ ದಾರಿಯಲ್ಲೊಂದು ದೊಣೆ, ಅಂದರೆ ಬಂಡೆಯ ಗುಳಿಯಲ್ಲಿ ನೀರು ನಿಲ್ಲುವ ಹೊಂಡ, ಇತ್ತು. ಅದರಲ್ಲಿ ಮೊಣಕಾಲುದ್ದವೂ ನೀರಿರಲಿಲ್ಲ, ಹಸಿರು ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಶಾಂಪೂ ಪೊಟ್ಟಣ ಬಿದ್ದಿತ್ತು. ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಮನೆಗೆ ಹೋದರೆ ನಮಗೆ ನಲ್ಲಿ ಇದೆ. ಈ ಬಿಸಿಲಲ್ಲಿ ಬೆಟ್ಟದ ಮೇಲಿನ ಮಂಗ, ಕರಡಿ, ಹಕ್ಕಿಗಳಿಗೆ ಆ ಒಂದು ಬೊಗಸೆ ನೀರೇ ಗತಿ. ಅದರಲ್ಲಿ ಕಾಲು ತೊಳೆಯುವುದು, ಮುಖ ತೊಳೆಯುವುದು ಬೇಡ. ಮುಟ್ಟಲೇಬೇಡಿ. ಬೀಡಿ, ಸಿಗರೇಟಿನ ವಿಷಯವಂತೂ ಹೇಳಲೇಬೇಕಾಗಿಲ್ಲ. ಸೊಂಟದೆತ್ತರದ ಒಣ ಹುಲ್ಲು ನಿಂತಿರುತ್ತದೆ, ಒಂದು ಕಿಡಿ ಸಾಕು.

ಎಂಟೂಕಾಲಿಗೆ ಇಳಿಯಲು ಶುರು ಮಾಡಿದೆವು. ಹುಡುಗನಿಗೆ ಇನ್ನೂ ಕೂರಬೇಕಿತ್ತು, ನಾನು ಬಿಡಲಿಲ್ಲ. ಏಕೆಂದರೆ ಬೇಸಿಗೆಯಲ್ಲಿ ಜನ ಎಡವುವುದು ಇಲ್ಲೇ. ಎಲ್ಲರೂ ಹತ್ತುವ ಸಮಯದ ಲೆಕ್ಕ ಹಾಕುತ್ತಾರೆ, ಇಳಿಯುವುದರ ಲೆಕ್ಕ ಹಾಕುವುದಿಲ್ಲ. ಈ ಬೆಟ್ಟದಲ್ಲಿ ಇಳಿಯಲು ಹೆಚ್ಚುಕಡಿಮೆ ಹತ್ತಿದಷ್ಟೇ ಹೊತ್ತು ಬೇಕು. ಬಂಡೆಯ ಮೇಲೆ ನೆರಳು ಇಲ್ಲ, ಮೇಲಿಂದ ಬಿಸಿಲು, ಕೆಳಗಿಂದ ಕಲ್ಲಿನ ಕಾವು. ಒಂಬತ್ತರ ಹೊತ್ತಿಗೆ ಬಂಡೆಯ ಮೇಲೆ ಅಂಗೈ ಇಟ್ಟರೆ ಬೆಚ್ಚಗೆ, ಹತ್ತೂವರೆಗೆ ಕೈ ಇಡೋಕಾಗಲ್ಲ. ಕಡಿದಾದ ಕಡೆ ಕೂತು ಜಾರಿ ಇಳಿಯಬೇಕಾಗಿ ಬಂದರೆ ಗತಿ ಏನು? ಇನ್ನು ಮಧ್ಯಾಹ್ನದ ಮೇಲಂತೂ ಸಿಡಿಲು ಮಳೆಯ ಭಯ ಬೇರೆ. ಬೋಳು ಬಂಡೆಯ ಮೇಲೆ ಅಡಗಲು ಜಾಗವಿಲ್ಲ.

ಹತ್ತರ ಹೊತ್ತಿಗೆ ನಾವು ಕೆಳಗಿದ್ದೆವು. ಒಬ್ಬೊಬ್ಬರಿಗೆ ಎರಡು ಲೀಟರ್ ಒಯ್ದಿದ್ದ ನೀರಿನಲ್ಲಿ ಒಂದು ಬಾಟಲಿ ಮಿಕ್ಕಿತ್ತು. ಅಷ್ಟರಲ್ಲಿ ಎದುರಿಗೆ ಕಾಲೇಜು ಹುಡುಗ ಹುಡುಗಿಯರ ಗುಂಪು ಬಂತು. ಏಳು ಜನ, ಮೂರು ಚಿಕ್ಕ ಬಾಟಲಿ, ಇಬ್ಬರ ಕಾಲಲ್ಲಿ ಚಪ್ಪಲಿ. ನಿಂತು ಮಾತಾಡಿಸಿದೆ. "ಮೇಲಕ್ಕೆ ಎಷ್ಟು ಹೊತ್ತು ಅಂಕಲ್?" ಅಂದರು. ಮೇಲಕ್ಕೆ ಎರಡು ಗಂಟೆ, ಕೆಳಕ್ಕೆ ಎರಡು ಗಂಟೆ, ಅಂದರೆ ಬಂಡೆ ಕಾದ ಹೆಂಚಾಗಿರುವಾಗ ಇಳಿಯುತ್ತೀರಿ ಅಂತ ಬಿಡಿಸಿ ಹೇಳಿದೆ. ಕೋಟೆ ಗೋಡೆ ತನಕ ಹೋಗಿ ವಾಪಸ್ ಬನ್ನಿ, ಬೆಟ್ಟ ಎಲ್ಲೂ ಹೋಗಲ್ಲ, ಇನ್ನೊಂದು ಭಾನುವಾರ ಬೆಳಿಗ್ಗೆ ಬನ್ನಿ ಅಂದೆ. ಅವರವರಲ್ಲೇ ಏನೋ ಮಾತಾಡಿಕೊಂಡರು. ನಮ್ಮ ಹುಡುಗ ನಾನು ಹೇಳುವ ಮೊದಲೇ ಮಿಕ್ಕಿದ್ದ ಬಾಟಲಿಯನ್ನು ಅವರ ಕೈಗೆ ಕೊಟ್ಟು, "ಅಕ್ಕಾ, ದೊಣೆ ನೀರು ಮಾತ್ರ ಮುಟ್ಟಬೇಡಿ" ಅಂದ.